ಸಾಲಿಗೆ ಬಾರದ ಎಳೆ

ಹೊಳೆಯ ದಡದ ಆಶ್ರಮದಲ್ಲಿ ಜನ ಹೆಚ್ಚಾದರು. ಗುರು ಶಂಭುಲಿಂಗರು ಶಿಷ್ಯ ಅಡಿವೆಪ್ಪನನ್ನು ಕರೆದರು.

"ಅರ್ಧ ಜನರನ್ನು ಕರೆದುಕೊಂಡು ಆಚೆ ದಡಕ್ಕೆ ಹೋಗು. ಅಲ್ಲೊಂದು ಆಶ್ರಮ ಕಟ್ಟು."

ಹೊರಡುವ ದಿನ ಮೋಡ ಕವಿದಿತ್ತು. ದೋಣಿಯವನು ಅವಸರ ಮಾಡಿದ.

"ನೀಲವ್ವ ಇನ್ನೂ ಬಂದಿಲ್ಲ" ಎಂದು ಯಾರೋ ಅಂದರು.

ನೀಲವ್ವ ಅಡುಗೆಮನೆಯ ಮುದುಕಿ. ಕಿವಿ ಕೇಳದು. ಹೊಸ ಜಾಗದಲ್ಲಿ ನೆಡಲು ಬಸಳೆ ಬಳ್ಳಿ ತರುತ್ತೇನೆಂದು ಹಿತ್ತಲಿಗೆ ಹೋಗಿದ್ದಳು.

"ಒಬ್ಬಳಿಗಾಗಿ ಇಷ್ಟು ಜನ ನೆನೆಯಬೇಕೇ? ನಾಳೆ ಕರೆಸಿಕೊಂಡರಾಯಿತು" ಎಂದ ಅಡಿವೆಪ್ಪ. ದೋಣಿ ಹೊರಟಿತು.

ಮರುದಿನ ಕಳಿಸಿದ ದೋಣಿ ಖಾಲಿ ಬಂತು. ಗಂಟು ಹಿಡಿದು ದಡದಲ್ಲಿ ಕೂತಿದ್ದ ನೀಲವ್ವನನ್ನು ಕುರಿಗಾರನೊಬ್ಬ ಕಂಡಿದ್ದ. "ನಾ ಅವರಿಗೆ ಬ್ಯಾಡಾದೆ" ಅಂದಳಂತೆ. ಆಶ್ರಮಕ್ಕೂ ಮರಳಿರಲಿಲ್ಲ.

ಅಡಿವೆಪ್ಪ ಊರೂರು ಹುಡುಕಿದ. ಸಿಗಲಿಲ್ಲ. ಮಳೆಗಾಲ ಕಳೆದ ಮೇಲೆ ಗುರುಗಳ ಮುಂದೆ ಬಂದು ಕೂತ.

"ತಪ್ಪು ಮಾಡಿದೆ, ಗುರುಗಳೇ."

ಗುರುಗಳು ಎದ್ದರು. ಪೂರ್ವಾಶ್ರಮದಲ್ಲಿ ಅವರು ಸಸ್ಯಶಾಸ್ತ್ರದ ಮೇಷ್ಟ್ರು. ಹಳೆಯ ಸೂಕ್ಷ್ಮದರ್ಶಕವನ್ನು ಕಿಟಕಿಯ ಬೆಳಕಿಗೆ ಇಟ್ಟರು. ಅಂಗಳದ ನೇರಳೆ ಬಣ್ಣದ ಹೂವಿನ ಮೊಗ್ಗೊಂದನ್ನು ಬಿಡಿಸಿ, ಕೇಸರದ ಮೇಲಿನ ಕೂದಲೊಂದನ್ನು ನೀರಹನಿಯೊಂದಿಗೆ ಗಾಜಿನ ಮೇಲಿಟ್ಟರು.

"ನೋಡು."

"ಒಂದು ಜೀವಕೋಶ. ಒಳಗೆ ಎಳೆಗಳಿವೆ."

"ಕೋಶ ಎರಡಾಗಲು ಹೊರಟಿದೆ. ಪ್ರತಿ ಎಳೆಯೂ ತನ್ನಂಥದೇ ಇನ್ನೊಂದನ್ನು ಮಾಡಿಕೊಂಡು ಜೋಡಿಯಾಗಿದೆ. ಇನ್ನು ಜೋಡಿ ಬಿಡಿಸಿಕೊಂಡು ಆಚೆಗೊಂದು ಈಚೆಗೊಂದು ಹೋಗಬೇಕು."

ಅಡಿವೆಪ್ಪ ಬಹಳ ಹೊತ್ತು ನೋಡಿದ. ಕುತ್ತಿಗೆ ನೋಯತೊಡಗಿತು.

"ನಡುವೆ ಸಾಲಾಗಿ ನಿಂತುಬಿಟ್ಟಿವೆ. ಯಾಕೆ?"

"ಸರಿಯಾಗಿ ನೋಡು."

"ಒಂದು ಜೋಡಿ ಸಾಲಿಗೆ ಬಂದಿಲ್ಲ. ಅಂಚಿನಲ್ಲೇ ಇದೆ."

"ಎರಡು ಕಡೆಗೆ ಎಳೆಯಲು ಕೋಶದೊಳಗೆ ನೂಲುಗಳಿವೆ. ಅವು ಅದಕ್ಕಿನ್ನೂ ಸಿಕ್ಕಿಲ್ಲ."

"ಅದೊಂದಕ್ಕಾಗಿ ಉಳಿದವೆಲ್ಲ ಕಾಯುತ್ತಿವೆಯೇ?"

ಗುರುಗಳು ಮತ್ತೆ ಸೂಕ್ಷ್ಮದರ್ಶಕದತ್ತ ಕೈ ತೋರಿದರು.

ಬಿಸಿಲು ಕಿಟಕಿಯಿಂದ ಸರಿಯಿತು. ಅಂಚಿನ ಜೋಡಿ ಮೆಲ್ಲಗೆ ನಡುವಿಗೆ ಬಂತು. ಆಮೇಲೆ ಜೋಡಿಗಳೆಲ್ಲ ಒಟ್ಟಿಗೇ ಬಿಡಿಸಿಕೊಂಡು ಎರಡು ಕಡೆಗೆ ಸರಿದವು. ನಡುವೆ ತೆಳ್ಳಗೆ ಗೋಡೆ ಮೂಡಿತು. ಒಂದಿದ್ದದ್ದು ಎರಡಾಯಿತು. ಯಾವುದರಲ್ಲೂ ಏನೂ ಕಡಿಮೆಯಾಗಿರಲಿಲ್ಲ.

ಅಡಿವೆಪ್ಪನಿಗೆ ಮುಂದೆ ನೋಡಲಾಗಲಿಲ್ಲ. ಕಣ್ಣೊರೆಸಿಕೊಂಡ.

"ಇದಕ್ಕೆ ಕಾಯುವುದನ್ನು ಯಾರು ಕಲಿಸಿದರು, ಗುರುಗಳೇ?"

ಗುರುಗಳು ಮುಖ ತಿರುಗಿಸಿ ಹೊಳೆಯ ಕಡೆ ನೋಡಿದರು.

"ಯಾರೂ ಕಲಿಸಲಿಲ್ಲಪ್ಪ. ನಿನಗೆ ಕಲಿಸಲಿಕ್ಕೆ ನಾನಿದ್ದೆ. ಕಲಿಸಲಿಲ್ಲ."