ಆನೆ ಕೋಚ್‌ನ ಹದಿಮೂರನೆಯ ವಿದಾಯ

ಕಾಡಿನ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹನ್ನೆರಡು ಕಪ್ ಗೆದ್ದುಕೊಟ್ಟ ಕೋಚ್ ಆನೆ, ಪ್ರತಿ ವರ್ಷ ಸನ್ಮಾನದ ವೇದಿಕೆಯಲ್ಲಿ "ನನಗೆ ವಯಸ್ಸಾಯಿತು, ಇನ್ನು ಸಾಕು" ಎನ್ನುತ್ತಿತ್ತು. "ಹೋಗಬೇಡಿ, ಗುರುಗಳೇ!" ಎಂದು ಪ್ರಾಣಿಗಳೆಲ್ಲ ಕಣ್ಣೀರಿಡುತ್ತಿದ್ದವು. ಆನೆ ಒಲ್ಲದ ಮನಸ್ಸಿನಿಂದ ಎಂಬಂತೆ ಉಳಿದುಕೊಳ್ಳುತ್ತಿತ್ತು.

ಹದಿಮೂರನೆಯ ವರ್ಷ ಯಾರೂ ಅಳಲಿಲ್ಲ. ಸಹಾಯಕ ಕೋಚ್ ಜಿಂಕೆ ಹಾರ ಹಾಕಿ, "ತಾವು ನೆಮ್ಮದಿಯಾಗಿ ವಿಶ್ರಾಂತಿ ತೆಗೆದುಕೊಳ್ಳಿ, ಗುರುಗಳೇ. ತಂಡವನ್ನು ನಾನು ನೋಡಿಕೊಳ್ಳುತ್ತೇನೆ" ಎಂದಿತು.

ಆನೆ ಕೆಂಡಾಮಂಡಲವಾಯಿತು. "ನೀನೇ? ನಿನಗೇನು ಗೊತ್ತು?"

"ಹತ್ತು ವರ್ಷ ತಮ್ಮ ಕೈಕೆಳಗೇ ಕಲಿತಿದ್ದೇನೆ."

"ನನ್ನ ಕೈಕೆಳಗೆ ಕಲಿತವರಿಗೆ ಏನು ಮಣ್ಣು ಬರುತ್ತದೆ!" ಎಂದು ಆನೆ ಘೀಳಿಟ್ಟಿತು.

ತಾನೇನು ಅಂದೆ ಎಂದು ಅದಕ್ಕೆ ಹೊಳೆಯುವಷ್ಟರಲ್ಲಿ ಆಟಗಾರರೆಲ್ಲ ಜಿಂಕೆಯ ಹಿಂದೆ ಮೈದಾನಕ್ಕೆ ಹೊರಟುಹೋಗಿದ್ದರು.