ಪರಿಮಳಯ್ಯ ಕೊಡಲು ಬಂದ ಎಸ್‌ಎಸ್‌ಡಿ

ಇರುವೆಯ ಎದೆಗೂ ಆನೆಯ ಎದೆಗೂ ಅಳತೆ ನೋಡಿ ಉಸಿರು ತುಂಬಿದ ಆ ಸ್ವಾಮಿಗೆ ಮೊದಲು ಶರಣೆನ್ನೋಣ. ಕಾಣುವುದನ್ನೂ ಕಾಣದಿರುವುದನ್ನೂ ಬಲ್ಲವನು ಅವನೊಬ್ಬನೇ. ಅವನನ್ನು ನೆನೆದು ಕಥೆ ಶುರುಮಾಡೋಣ. ಹತ್ತಿರ ಬನ್ನಿ ಮಕ್ಕಳೇ.

ಒಂದು ಕಾಡಿನಲ್ಲಿ ಒಂದೇ ಒಂದು ನೀರಿನ ಬುಗ್ಗೆ ಇತ್ತು. ಬೇಸಿಗೆ ಬಂದರೆ ಅದು ಸೊರಗುತ್ತಿತ್ತು. ಮೊದಲು ಕುಡಿದವರಿಗೆ ತಿಳಿನೀರು, ಆಮೇಲೆ ಬಂದವರಿಗೆ ಕೆಸರು. ಮೊದಲ ಸರದಿ ನಮಗೆ ಬೇಕೆಂದು ಮುಂಗುಸಿಗಳೂ ಪುನುಗುಬೆಕ್ಕುಗಳೂ ವರ್ಷ ವರ್ಷವೂ ಕಚ್ಚಾಡುತ್ತಿದ್ದವು. ಕಾಡಿನ ಹಿರಿಯಳು ಭದ್ರಜ್ಜಿ ಎಂಬ ಆನೆ. ನೋಡಿ ನೋಡಿ ಸಾಕಾಗಿ ಒಂದು ದಿನ ಅವಳು ಗದರಿದಳು: "ದೇವರು ಕೊಟ್ಟ ನೀರಿಗೆ ರಕ್ತ ಬೆರೆಸಬೇಡಿ. ಕಂಪ್ಯೂಟರ್‌ನಲ್ಲಿ ಓಟದ ಗೇಮ್ ಆಡಿ. ಗೆದ್ದ ಕುಲಕ್ಕೆ ಆ ಬೇಸಿಗೆಯ ಮೊದಲ ಸರದಿ."

ಎಲ್ಲರೂ ಒಪ್ಪಿದರು. ಮುಂಗುಸಿಗಳ ಪರವಾಗಿ ಕೆಂಚವ್ವ ಆಡುತ್ತಿದ್ದಳು. ಅವಳ ಬೆರಳು ಚುರುಕು, ಕಣ್ಣು ಇನ್ನೂ ಚುರುಕು. ಆದರೂ ಹಿಂದಿನ ಬೇಸಿಗೆಯಲ್ಲಿ ಸೋತಿದ್ದಳು. ಸೋಲಿಸಿದ್ದು ಅವಳ ಹಳೆಯ ಹಾರ್ಡ್ ಡಿಸ್ಕ್. ಗೇಮಿನಲ್ಲಿ ಒಂದು ಬಯಲು ದಾಟಿ ಇನ್ನೊಂದಕ್ಕೆ ಕಾಲಿಡುವಾಗೆಲ್ಲ ಅದು ಗುರ್ರ್ ಎಂದು ತಿರುಗುತ್ತ, 'ಲೋಡ್ ಆಗುತ್ತಿದೆ' ಎಂದು ತೋರಿಸುತ್ತ ಕೂತುಬಿಡುತ್ತಿತ್ತು. ಅಷ್ಟರಲ್ಲಿ ಎದುರಾಳಿ ಓಡಿಹೋಗಿರುತ್ತಿದ್ದ. ಆ ಬೇಸಿಗೆಯೆಲ್ಲ ಮುಂಗುಸಿ ಮರಿಗಳು ಕೆಸರು ಕುಡಿದವು. ಎರಡು ಮರಿಗಳು ಉಳಿಯಲಿಲ್ಲ.

ಈ ಸಲದ ಪಂದ್ಯಕ್ಕೆ ಎರಡೇ ದಿನ ಇತ್ತು. ಕೆಂಚವ್ವ ಕಂಪ್ಯೂಟರ್ ರಿಪೇರಿ ಮಾಡುವ ಚೆನ್ನಜ್ಜನೆಂಬ ಆಮೆಯ ಬಳಿ ಹೋದಳು.

"ಅಜ್ಜ, ಗೇಮಿಗೆ ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ? ಸುತ್ತಿ ಬಳಸದೆ ಹೇಳು."

"ಎರಡೂ ಇರಲಿ ಮಗಳೇ. ಹಾರ್ಡ್ ಡಿಸ್ಕಿನಲ್ಲಿ ಜಾಗ ಜಾಸ್ತಿ, ಫೋಟೋ ಹಾಡು ಎಲ್ಲ ಅಲ್ಲಿರಲಿ. ಪಂದ್ಯದ ಗೇಮ್ ಒಂದನ್ನು ಈ ಎಸ್‌ಎಸ್‌ಡಿಗೆ ಹಾಕು. ಇದರಿಂದ ಚಿತ್ರವೇನೂ ಚೆಂದ ಆಗಲ್ಲ, ನಿನ್ನ ಕೈಯೂ ಚುರುಕಾಗಲ್ಲ. ಬಯಲು ಮಾತ್ರ ಬೇಗ ತೆರೆಯುತ್ತೆ."

ಅವನು ಕೊಟ್ಟ ಆ ಚಪ್ಪಟೆ ಡಬ್ಬಿಯನ್ನು ಕೆಂಚವ್ವ ಮೂಸಿದಳು. ಕೈಯಲ್ಲಿ ತೂಗಿದಳು. ಒಣಗಿದ ಎಲೆಯಷ್ಟು ಹಗುರ. ಅಜ್ಜನ ಕಂಪ್ಯೂಟರ್‌ಗೆ ಸಿಕ್ಕಿಸಿ ಕಿವಿಗೊಟ್ಟಳು. ಸದ್ದೇ ಇಲ್ಲ.

"ಒಳಗೆ ಏನಾದರೂ ಇದೆಯಾ, ಇಲ್ಲ ಖಾಲಿ ಡಬ್ಬಿ ಕೊಡ್ತಿದ್ದೀಯಾ?"

"ಇದರಲ್ಲಿ ತಿರುಗೋ ತಟ್ಟೆ ಇಲ್ಲ. ಅದಕ್ಕೇ ಭಾರ ಇಲ್ಲ, ಸದ್ದೂ ಇಲ್ಲ."

"ಕೆಲಸ ಮಾಡೋರು ಏದುಸಿರಾದರೂ ಬಿಡ್ತಾರೆ ಅಜ್ಜ!"

ಚೆನ್ನಜ್ಜ ನಕ್ಕ. "ಅನುಮಾನ ಇದ್ದರೆ ತಗೊಂಡು ಹೋಗಿ ಬಾಯಿತನಕ ತುಂಬು. ತುಂಬಿದ್ದನ್ನೆಲ್ಲ ತೆರೆದು ನೋಡು. ಒಂದು ಫೋಟೋ ಕಡಿಮೆಯಾದರೂ ತಂದು ನನ್ನ ಚಿಪ್ಪಿನ ಮೇಲೆ ಎಸಿ."

'ಇಷ್ಟು ಧೈರ್ಯವಾಗಿ ಹೇಳ್ತಾನೆ ಅಂದರೆ ಏನೋ ಇರಬೇಕು' ಎಂದುಕೊಳ್ಳುತ್ತ ಕೆಂಚವ್ವ ಹೊರಟಳು.

ದಾರಿಯಲ್ಲಿ ಘಮಘಮ ವಾಸನೆ ಬಂತು. ಅವಳ ಎದುರಾಳಿ ಪರಿಮಳಯ್ಯ, ಪುನುಗುಬೆಕ್ಕು, ಕಲ್ಲಿನ ಮೇಲೆ ಕೂತಿದ್ದ.

"ಏನು ಕೆಂಚಕ್ಕ, ಆ ಮುದುಕ ಎಲೆ ಕೊಟ್ಟು ಕಳಿಸಿದನಾ? ಇದನ್ನ ನೋಡು, ಎಸ್‌ಎಸ್‌ಡಿ ಅಂದರೆ ಇದು! ಅವನದರ ಹತ್ತರಷ್ಟು ಜಾಗ."

ಕೆಂಚವ್ವ ಕೈಗೆ ತೆಗೆದುಕೊಂಡಳು. ಗಟ್ಟಿಯಾಗಿ, ಭಾರವಾಗಿ ಇತ್ತು. ಅವಳ ಮನಸ್ಸು ಒಂದು ಗಳಿಗೆ ಅತ್ತ ವಾಲಿತು.

"ನೀನು ನನ್ನ ಎದುರಾಳಿ. ನನಗೆ ಒಳ್ಳೇದು ಯಾಕೆ ಕೊಡ್ತೀಯ?"

"ಆಟ ಬೇರೆ, ಅಂತಃಕರಣ ಬೇರೆ ಅಕ್ಕ. ಆ ಮರಿಗಳನ್ನು ನೆನೆದರೆ ನನಗೆ ಅನ್ನ ಇಳಿಯಲ್ಲ. ದೇವರಾಣೆ, ನನ್ನ ಕಂಪ್ಯೂಟರ್‌ನಲ್ಲೂ ಇಷ್ಟು ಒಳ್ಳೇದಿಲ್ಲ."

"ಬದಲಿಗೆ ಏನು ಕೊಡಬೇಕು?"

"ನಿನ್ನ ಹಳೇ ಹಾರ್ಡ್ ಡಿಸ್ಕ್ ಕೊಡು ಸಾಕು. ಗುಜರಿಗೆ ಹಾಕ್ತೀನಿ."

ದೇವರ ಆಣೆ ಅಷ್ಟು ಸಲೀಸಾಗಿ ಬಂದದ್ದು ಕೆಂಚವ್ವನಿಗೆ ಹಿಡಿಸಲಿಲ್ಲ. ಗುಜರಿಗೆ ಹಾಕುವುದನ್ನು ಕೇಳಿ ಪಡೆಯುವುದು ಯಾಕೆ? ಆ ಡಿಸ್ಕಿನಲ್ಲಿ ಅವಳು ಆಡಿದ ಆಟಗಳೆಲ್ಲ ಇದ್ದವು. ಗೇಮಿನಲ್ಲಿ ಅವಳು ಕಂಡುಕೊಂಡ ಒಳದಾರಿಗಳೆಲ್ಲ ಇದ್ದವು.

"ಸರಿ. ಮೊದಲು ಇದನ್ನ ತುಂಬಿ ನೋಡ್ತೀನಿ."

"ಅಯ್ಯಯ್ಯೋ, ತುಂಬಬೇಡ! ತುಂಬಿದರೆ ಹಳೇ ಮಾಲಾಗುತ್ತೆ."

"ಗೇಮೂ ಹಾಕೋದು ಬೇಡವಾ? ಪೂಜೆಗೆ ಇಡಲಾ?"

ಪರಿಮಳಯ್ಯನ ಮೀಸೆ ಅದುರಿತು. "ಅದು... ಪಂದ್ಯದ ದಿನವೇ ಹಾಕು."

"ಹಾಗಾದರೆ ಪಂದ್ಯದ ದಿನವೇ ತಾ. ಭದ್ರಜ್ಜಿ ಮುಂದೆ ಅದಲುಬದಲು ಮಾಡೋಣ."

ಮನೆಗೆ ಬಂದ ಕೆಂಚವ್ವ ಕಣ್ಣು ಮುಚ್ಚಿ ಕೂತಳು. 'ಸ್ವಾಮೀ, ಇಬ್ಬರ ಮೇಲೂ ನನಗೆ ನಂಬಿಕೆ ಬರ್ತಿಲ್ಲ. ನೀನೇ ದಾರಿ ತೋರಿಸು.' ಆಮೇಲೆ ಎದ್ದು, ಚೆನ್ನಜ್ಜನ ಎಸ್‌ಎಸ್‌ಡಿಗೆ ತನ್ನ ಫೋಟೋ, ಹಾಡುಗಳನ್ನೆಲ್ಲ ಇನ್ನು ಹಿಡಿಸದೆಂಬಷ್ಟು ತುಂಬಿದಳು. ಒಂದೊಂದಾಗಿ ತೆರೆದಳು. ಯಾವುದೂ ತಪ್ಪಿರಲಿಲ್ಲ. ತೀರಿಕೊಂಡ ಆ ಎರಡು ಮರಿಗಳು ಬಾಲ ಕಚ್ಚಿಕೊಂಡು ಆಡುವ ಫೋಟೋ ಕೂಡ ಇತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಮತ್ತೆ ಜಾಗ ಖಾಲಿ ಮಾಡಿ ಗೇಮ್ ಹಾಕಿದಳು.

ಪಂದ್ಯದ ದಿನ ಕಾಡೆಲ್ಲ ಸೇರಿತು. ಪರಿಮಳಯ್ಯ ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ನದಕ್ಕಿಂತ ಒಳ್ಳೇ ಎಸ್‌ಎಸ್‌ಡಿಯನ್ನು ಎದುರಾಳಿಗೆ ಕೊಡ್ತಿದ್ದೀನಿ. ಎಲ್ಲರೂ ನೋಡ್ಕೊಳ್ಳಿ!"

ಕೆಂಚವ್ವ ಕೈಮುಗಿದಳು. "ಭದ್ರಜ್ಜಿ, ಎದುರಾಳಿಯ ಒಳ್ಳೇ ವಸ್ತು ತಗೊಂಡು ಗೆದ್ದರೆ ನನ್ನ ಕುಲಕ್ಕೆ ನಾಚಿಕೆ. ಅದನ್ನ ಅವನೇ ಹಾಕ್ಕೊಂಡು ಆಡಲಿ. ನನಗೆ ಚೆನ್ನಜ್ಜ ಕೊಟ್ಟಿದ್ದು ಸಾಕು."

"ಬೇಡ ಬೇಡ! ಕೊಡ್ತೀನಿ ಅಂದ ಮೇಲೆ..." ಪರಿಮಳಯ್ಯ ತಡವರಿಸಿದ.

"ಒಳ್ಳೇದು ಅಂದವನು ನೀನೇ ತಾನೇ? ಹಾಕು," ಎಂದಳು ಭದ್ರಜ್ಜಿ.

ಅವನ ಕುಲದವರೇ ಕೂಗಿದರು: "ಹಾಕಯ್ಯಾ ಪರಿಮಳಯ್ಯ! ಗೆದ್ದೇಬಿಡೋಣ!"

ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಗೇಮನ್ನು ಅದಕ್ಕೆ ಹಾಕಿದರು. 'ಪೂರ್ತಿಯಾಯಿತು' ಎಂದು ಪರದೆ ತೋರಿಸಿತು. ಓಟ ಶುರುವಾಯಿತು.

ಮೊದಲ ಬಯಲಿನಲ್ಲಿ ಪರಿಮಳಯ್ಯನೇ ಎರಡು ಹೆಜ್ಜೆ ಮುಂದಿದ್ದ. ಕೆಂಚವ್ವನ ಎಸ್‌ಎಸ್‌ಡಿ ಸದ್ದಿಲ್ಲದೆ ಕೂತಿತ್ತು. ಅದು ನಿಜಕ್ಕೂ ಕೆಲಸ ಮಾಡುತ್ತಿದೆಯಾ? ಬಯಲಿನ ಅಂಚು ಬಂತು. ಅವಳು ಉಸಿರು ಬಿಗಿಹಿಡಿದಳು. ಬಿಡುವ ಮೊದಲೇ ಎರಡನೆಯ ಬಯಲು ಹಸಿರಾಗಿ ತೆರೆದುಕೊಂಡಿತು!

ಪರಿಮಳಯ್ಯನ ಪರದೆ ಕಪ್ಪಾಯಿತು. 'ಫೈಲ್ ಸಿಗುತ್ತಿಲ್ಲ' ಎಂದು ಬಂತು. ಅವನು ಗುದ್ದಿದ, ಊದಿದ, ಬೈದ. ಅದು ಅಲ್ಲಾಡಲಿಲ್ಲ. ಕೆಂಚವ್ವ ಗುರಿ ಮುಟ್ಟಿದಳು.

ಚೆನ್ನಜ್ಜ ಅವನ ಎಸ್‌ಎಸ್‌ಡಿ ಬಿಚ್ಚಿದ. ಒಳಗೆ ಉಗುರಿನಷ್ಟು ಮೆಮೊರಿ ಕಾರ್ಡ್, ಪಕ್ಕದಲ್ಲಿ ಅಂಟು ಹಾಕಿ ಕೂರಿಸಿದ ಹೊಳೆಗಲ್ಲು. "ಇರೋದು ಚೂರು ಜಾಗ. ಬೆಟ್ಟದಷ್ಟಿದೆ ಅಂತ ಕಂಪ್ಯೂಟರ್‌ಗೂ ಸುಳ್ಳು ಹೇಳಿಸಿದ್ದಾನೆ. ಮೊದಲ ಬಯಲು ಹಿಡಿಸಿತು, ಮಿಕ್ಕಿದ್ದು ಉಳಿಯಲೇ ಇಲ್ಲ."

"ನಮ್ಮ ನೀರನ್ನ ನೀನೇ ಕಳೆದೆಯಲ್ಲೋ, ಪಾಪಿ!" ಎಂದು ಅವನ ಕುಲದವರೇ ಮುಖ ತಿರುಗಿಸಿದರು. ಬೇಸಿಗೆ ಮುಗಿಯುವ ತನಕ ಪರಿಮಳಯ್ಯ ಎಲ್ಲರಿಗಿಂತ ಕೊನೆಗೆ ಕುಡಿಯಬೇಕೆಂದು ಭದ್ರಜ್ಜಿ ತೀರ್ಪು ಕೊಟ್ಟಳು.

ಕೆಂಚವ್ವ ಚೆನ್ನಜ್ಜನ ಮುಂದೆ ತಲೆ ತಗ್ಗಿಸಿದಳು. "ನಿನ್ನನ್ನೂ ಅನುಮಾನಿಸಿದೆ ಅಜ್ಜ."

"ಅದರಲ್ಲಿ ತಪ್ಪೇನು ಮಗಳೇ? ತುಂಬಿ ನೋಡಿದೆಯಲ್ಲ, ನನಗೆ ಅದೇ ಮರ್ಯಾದೆ."

ಮಾರನೆಯ ಬೆಳಿಗ್ಗೆ ಮುಂಗುಸಿಗಳು ಬುಗ್ಗೆಯ ಬಳಿ ಸೇರಿದವು. ದೂರದಲ್ಲಿ ಪುನುಗುಬೆಕ್ಕಿನ ಮರಿಗಳು ಬಾಯಾರಿ ನಿಂತಿದ್ದವು. ಕೆಂಚವ್ವ ಅವನ್ನು ಕಂಡು ಪಕ್ಕಕ್ಕೆ ಸರಿದಳು. "ಬನ್ನಿ ಕಂದಮ್ಮಗಳಿರಾ, ಮರಿಗಳು ಸರದಿ ಕಾಯಬೇಕಾಗಿಲ್ಲ." ಎರಡು ಕುಲದ ಮರಿಗಳೂ ಒಟ್ಟಿಗೆ ತಿಳಿನೀರಿಗೆ ಬಾಯಿಟ್ಟವು.

ನೀತಿ: ಅನುಮಾನ ಬಂದಾಗ ಭಾರವನ್ನೋ ಸವಿಮಾತನ್ನೋ ನಂಬಬೇಡಿ, ಪರೀಕ್ಷಿಸಿ ನೋಡಿ, ಪರೀಕ್ಷೆಗೆ ಬಿಡದವನಿಂದ ದೂರವಿರಿ.

ಈ ಕಥೆಗೆ ಕಿವಿಗೊಟ್ಟ ನಿಮ್ಮೆಲ್ಲರ ಮನೆಯಲ್ಲೂ ಸ್ವಾಮಿಯ ಕರುಣೆ ತಿಳಿನೀರಿನಂತೆ ತುಂಬಿರಲಿ. ನಿಮ್ಮ ಮಕ್ಕಳು ಮರಿಗಳು ತಂಪಾಗಿ ಬಾಳಲಿ.