ಎಡಕ್ಕೆ ಬಿದ್ದ ಹೂಗಳು

"ಗುರುಗಳೇ, ಸತ್ಯ ತಿಳಿಯಬೇಕೆನ್ನುವವನು ಯಾರ ಯಾರ ಮೇಲೆ ಸಂಶಯಪಡಬೇಕು?"

ಕೇಳಿದವನು ಪಂಪಾಪತಿ. ಪಟ್ಟಣದ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಆನರ್ಸ್ ಓದುತ್ತಿದ್ದ. ಪದವಿಗೆಂದು ಬರೆದ ಪ್ರಬಂಧವನ್ನು ಮರುದಿನ ಒಪ್ಪಿಸಬೇಕಿತ್ತು. ಅದಕ್ಕೆ ಮೊದಲು ಆಶೀರ್ವಾದ ಬೇಡಲು ಮಠಕ್ಕೆ ಬಂದು, ಪ್ರಬಂಧವನ್ನು ಗುರುಗಳ ಮುಂದೆ ಇಟ್ಟಿದ್ದ.

"ಏನು ಬರೆದಿದ್ದೀಯಪ್ಪ?" ಎಂದರು ಗುರುಗಳು.

"ನಮ್ಮ ಕಡೆಯ ಹಳ್ಳಿಗಳಲ್ಲಿ ಜನ ದೊಡ್ಡ ಮನೆಯವರಿಗೆ ಹೆದರಿಯೇ ಮತ ಹಾಕುತ್ತಾರೆ ಅಂತ ಬರೆದಿದ್ದೇನೆ. ಯಾವುದನ್ನೂ ಸುಮ್ಮನೆ ನಂಬಬೇಡ ಎಂದು ನಮ್ಮ ಮೇಷ್ಟ್ರು ಕಲಿಸಿದ್ದಾರೆ. ಹಾಗೇ ಮಾಡಿದೆ. ಮನೆಮನೆಗೆ ಹೋಗಿ ಕೇಳಿದೆ. 'ಹೆದರಿಕೆ ಗಿದರಿಕೆ ಏನಿಲ್ಲ, ನಮಗೆ ಬೇಕಾದವರಿಗೆ ಹಾಕ್ತೀವಿ' ಅಂದವರೂ ಇದ್ದರು. ಅವರ ಮಾತು ನಂಬಲಿಲ್ಲ. ಹೆದರಿದವರು ಹೆದರಿದ್ದೇವೆ ಅನ್ನುತ್ತಾರೆಯೇ? ಪ್ರಶ್ನೆ ತಿರುಗಿಸಿ ಮತ್ತೆ ಕೇಳಿದೆ. ಕೊನೆಗೆ ಹೌದೆಂದರು. ಅದನ್ನೇ ಬರೆದುಕೊಂಡೆ. ಈಗ ಎಲ್ಲ ಒಂದೇ ದಾರಿಗೆ ಬಂದಿದೆ. ಆದರೂ ಸಂಶಯಪಡಬೇಕಾದದ್ದು ಇನ್ನೇನಾದರೂ ಉಳಿದಿದೆಯೋ ಎಂಬ ಅಳುಕು."

ಗುರುಗಳು ಪ್ರಬಂಧವನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಹೊಲದ ಪಕ್ಕದಲ್ಲಿ ಇನ್ನೊಬ್ಬನ ಹೊಲ. ಇಬ್ಬರಿಗೂ ಇದ್ದದ್ದು ಒಂದೊಂದೇ ಎತ್ತು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಒಂದು ದಿನ ಇವನ ಹೊಲ, ಒಂದು ದಿನ ಅವನ ಹೊಲ ಉಳುತ್ತಿದ್ದರು. ಬಹಳ ವರ್ಷ ಹೀಗೇ ನಡೆದಿತ್ತು.

ಬಿತ್ತನೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ರೈತನ ಎತ್ತು ಗೋದಲಿಯ ಮುಂದೆ ಸತ್ತು ಬಿದ್ದಿತ್ತು. ಬಾಯಲ್ಲಿ ನೊರೆ. ಹಿಂದಿನ ಸಂಜೆ ಅದಕ್ಕೆ ಮೇವು ಹಾಕಿದ್ದವನು ಪಕ್ಕದ ಹೊಲದವನು.

"ಅವನೇ ಏನೋ ತಿನ್ನಿಸಿದ್ದಾನೆ" ಎಂದ ರೈತ.

"ನಿಮ್ಮ ಎತ್ತು ಸತ್ತರೆ ಅವನ ಎತ್ತು ಯಾರ ಜೊತೆ ನೊಗ ಹೊರುತ್ತೆ?" ಎಂದಳು ಹೆಂಡತಿ. "ತನ್ನ ಹೊಲ ತಾನೇ ಬೀಳು ಬಿಡೋಕೆ ಅವನಿಗೇನು ಹುಚ್ಚಾ?"

"ಅವನ ಪರ ವಕಾಲತ್ತು ಯಾವಾಗಿಂದ?"

ಅಂದಿನಿಂದ ಹೆಂಡತಿಯ ಮೇಲೂ ಅವನು ಒಂದು ಕಣ್ಣಿಟ್ಟ.

ಆ ಊರಿನ ದೇವಿಯ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿಯಿತ್ತು. ಪೂಜಾರಿ ಹೂಗಳನ್ನು ನೀರಿನಲ್ಲಿ ಅದ್ದಿ ದೇವಿಯ ಎರಡೂ ಕಡೆ ಅಂಟಿಸುತ್ತಿದ್ದ. ಬಂದವರು ಮನಸ್ಸಿನಲ್ಲಿದ್ದುದನ್ನು ಕೇಳಿ ಕೈಮುಗಿದು ನಿಲ್ಲುತ್ತಿದ್ದರು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಪ್ರಸಾದದ ಹೂವನ್ನು ತುಳಿಯುವಂತಿಲ್ಲ. ಯಾರೂ ಒಯ್ಯದೆ ಬಿಟ್ಟ ಹೂಗಳನ್ನು ಪೂಜಾರಿ ಒಂದು ಬುಟ್ಟಿಗೆ ಹಾಕಿಡುತ್ತಿದ್ದ.

"ತಾಯಿ, ನನ್ನ ಎತ್ತನ್ನು ಕೊಂದವನು ಅವನೇ ತಾನೆ?" ಎಂದು ರೈತ ಕೇಳಿದ.

ಹೂ ಎಡಕ್ಕೆ ಬಿತ್ತು.

ಮೈಲಿಗೆಯಲ್ಲಿ ಬಂದೆ, ಅದಕ್ಕೇ ಹೀಗಾಯಿತು ಎಂದುಕೊಂಡ. ಹೊಳೆಯಲ್ಲಿ ಮುಳುಗಿ ಬಂದು ಕೇಳಿದ. ಎಡಕ್ಕೇ ಬಿತ್ತು. ಹೂ ಬಾಡಿವೆ ಎಂದ. ತಾನೇ ಬಿಡಿಸಿ ತಂದ. ಮತ್ತೆ ಎಡಕ್ಕೆ. ಎಡಗಡೆಯ ಹೂವಿಗೆ ಪೂಜಾರಿ ನೀರು ಕಡಿಮೆ ಹಚ್ಚುತ್ತಿದ್ದಾನೆ ಎಂಬ ಅನುಮಾನ ಬಂತು. ಪೂಜಾರಿಗೂ ಪಕ್ಕದ ಹೊಲದವನಿಗೂ ಒಂದೇ ಕೇರಿ.

"ಪೂಜಾರಪ್ಪ, ನಿನ್ನ ಕೈಯಲ್ಲಿ ಏನೋ ಇದೆ."

"ನನ್ನ ಕೈಯಲ್ಲಿ ಗಂಟೆ ಇದೆ ಕಣಪ್ಪ. ಕಿವುಡನಿಗೆ ಹೇಳಿದ ಹಾಗೆ ತಾಯಿ ಮತ್ತೆ ಮತ್ತೆ ಹೇಳಿದ್ದಾಳೆ. ಇನ್ನು ಎದ್ದು ಬಂದು ನಿನ್ನ ಕಿವಿ ಹಿಂಡಬೇಕೇನು?"

ರೈತ ಕಾದ. ಪೂಜಾರಿ ಪರಊರಿಗೆ ಹೋದ ದಿನ ನೋಡಿಕೊಂಡು ಬಂದು, ಅವನ ಅಳಿಯನ ಕೈಯಲ್ಲಿ ಹೂ ಇಡಿಸಿದ. ಈ ಸಲ ಪ್ರಶ್ನೆಯನ್ನೂ ಬದಲಿಸಿದ.

"ತಾಯಿ, ಅವನಿಗೆ ನನ್ನ ಮೇಲೆ ಎಂದಾದರೂ ಒಂದು ದಿನ ಹೊಟ್ಟೆಕಿಚ್ಚು ಬಂದಿತ್ತು ತಾನೆ?"

ಹೂ ಬಲಕ್ಕೆ ಬಿತ್ತು.

ಅಲ್ಲಿಗೆ ಕೇಳುವುದನ್ನು ನಿಲ್ಲಿಸಿದ. ಆ ಹೂವನ್ನು ಕಣ್ಣಿಗೊತ್ತಿಕೊಂಡು ರುಮಾಲಿನ ತುದಿಗೆ ಕಟ್ಟಿಕೊಂಡ. ಚಾವಡಿಗೆ ಹೋಗಿ ಹಿರಿಯರ ಮುಂದೆ ಬಿಚ್ಚಿಟ್ಟ. ತಾಯಿ ಬಲಕ್ಕೆ ಕೊಟ್ಟಿದ್ದಾಳೆ, ಕೊಂದವನು ಅವನೇ ಎಂದ. ಹಿರಿಯರು ಹೂವಿಗೆ ಕೈಮುಗಿದರು. ಯಾವ ಮಾತಿಗೆ ಬಿದ್ದ ಹೂ ಎಂದು ಒಬ್ಬರೂ ಕೇಳಲಿಲ್ಲ.

ಪಕ್ಕದ ಹೊಲದವನನ್ನು ಕರೆಸಿದರು. ಅವನು ಹೂವನ್ನು ನೋಡಿದ. "ತಾಯಿಯೇ ಹಾಗಂದಳು ಅಂದ ಮೇಲೆ ನಾನು ಯಾರ ಹತ್ತಿರ ಹೋಗಿ ಹೇಳಿಕೊಳ್ಳಲಿ?" ಎಂದ. ಹೆಂಡತಿ ಮಕ್ಕಳನ್ನು ಮುಂದೆ ಮಾಡಿ, ಎತ್ತಿನ ಹಗ್ಗ ಹಿಡಿದು ಊರು ಬಿಟ್ಟ.

ಮಳೆ ಬಂತು. ಊರಿಗೆಲ್ಲ ಬಿತ್ತನೆಯಾಯಿತು. ಆ ಎರಡು ಹೊಲ ಹಾಗೇ ಉಳಿದವು.

ರೈತ ಜಗಲಿಯ ಮೇಲೆ ಕೂತಿದ್ದಾಗ ಪೂಜಾರಿ ಬಂದ. ಕಂಕುಳಲ್ಲಿ ಬುಟ್ಟಿ. ಅದನ್ನು ರೈತನ ಮುಂದೆ ಇಳಿಸಿದ. ಬುಟ್ಟಿಯಲ್ಲಿ ಒಣಗಿದ ಹೂಗಳಿದ್ದವು.

"ಇವೂ ನಿನ್ನವೇ" ಎಂದ. "ನೀನು ಗುಡಿಯಲ್ಲೇ ಬಿಟ್ಟು ಬಂದಿದ್ದೆ."

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಪಂಪಾಪತಿ ಕೇಳಿದ. "ಹಾಗಾದರೆ ಎತ್ತು ಸತ್ತದ್ದು ಹೇಗೆ, ಗುರುಗಳೇ?"

"ಅದು ಕೊನೆಗೂ ಗೊತ್ತಾಗಲಿಲ್ಲಪ್ಪ. ಗೊತ್ತು ಮಾಡಿಕೊಳ್ಳುವುದು ಯಾರಿಗೆ ಬೇಕಿತ್ತು?"

ಆಶೀರ್ವಾದ ಸಿಕ್ಕಿತೋ ಇಲ್ಲವೋ ತಿಳಿಯದೆ ಪಂಪಾಪತಿ ಎದ್ದ. ಪ್ರಬಂಧವನ್ನು ಎತ್ತಿಕೊಳ್ಳಲು ಬಗ್ಗಿದ. ಆಗ ಗುರುಗಳು ಕೇಳಿದರು.

"ಪಂಪಾಪತಿ, ನಿನ್ನ ಬುಟ್ಟಿ ಎಲ್ಲಿಟ್ಟಿದ್ದೀಯಪ್ಪ?"

ಚಾಚಿದ ಕೈ ಚಾಚಿದಂತೆಯೇ ನಿಂತಿತು.